ಅಪ್ಪ ಕೊಟ್ಟ ಅಧಿಕಾರ ಬೇಕಾದ ದಿನವೇ ಇಲ್ಲವಾಯಿತು: ಕಾನೂನು ಸಚಿವರಿಗೂ ಆರೋಗ್ಯ ಸಚಿವರಿಗೂ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರಿಗೆ ಹಾಗೂ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ,

ನನ್ನ ತಂದೆ ಕಾಗದಪತ್ರಗಳ ವಿಷಯದಲ್ಲಿ ಬಹಳ ಎಚ್ಚರದ ಮನುಷ್ಯರಾಗಿದ್ದರು. ಕಪಾಟಿನ ಮೇಲಿನ ಅರೆಯಲ್ಲಿ ಅವರದೊಂದು ನೀಲಿ ಫೈಲ್ ಇರುತ್ತಿತ್ತು. ಅದರೊಳಗಿನ ಪ್ರತಿ ಕಾಗದದ ಮೂಲೆಯಲ್ಲೂ ಅದು ಏನು, ಯಾವಾಗ ಬೇಕಾಗುತ್ತದೆ ಎಂಬುದನ್ನು ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿಡುತ್ತಿದ್ದರು. ನಿವೃತ್ತರಾದ ವರ್ಷವೇ ಉಯಿಲು ಬರೆಸಿದ್ದರು. ಎಲ್ಲ ಠೇವಣಿಗಳಿಗೂ ನಾಮಿನಿ ಮಾಡಿಸಿದ್ದರು. ಎಪ್ಪತ್ತು ದಾಟಿದ ಮೇಲೆ ಒಂದು ದಿನ, "ನಾಳೆ ನಾನು ಹಾಸಿಗೆ ಹಿಡಿದರೆ ನಿನಗೆ ತೊಂದರೆಯಾಗಬಾರದು" ಎಂದು ಹೇಳಿ, ಮಗಳಾದ ನನ್ನನ್ನು ಉಪ ನೋಂದಣಾಧಿಕಾರಿಗಳ ಕಚೇರಿಗೆ ಕರೆದುಕೊಂಡು ಹೋಗಿ, ತಮ್ಮ ಬ್ಯಾಂಕಿನ ವ್ಯವಹಾರಗಳನ್ನೆಲ್ಲ ನಾನು ನೋಡಿಕೊಳ್ಳಬಹುದೆಂದು ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ ಎಂಬ ಅಧಿಕಾರ ಪತ್ರ, ಬರೆಸಿ ನೋಂದಾಯಿಸಿಕೊಟ್ಟರು. ಆ ಕಾಗದದ ಮೂಲೆಯಲ್ಲಿ ಅವರು ಬರೆದದ್ದು, "ನನಗೆ ಕೈಲಾಗದಿದ್ದಾಗ" ಎಂದು.

ಕೈಲಾಗದ ದಿನ ಕೆಲವು ವರ್ಷಗಳ ಹಿಂದೆ ಬಂತು. ಮೆದುಳಿನಲ್ಲಿ ರಕ್ತಸ್ರಾವವಾಗಿ ಅವರು ಐಸಿಯು ಸೇರಿದರು. ಮೂರನೆಯ ದಿನ ನಾನು ಆ ಜಿಪಿಎ ಹಿಡಿದುಕೊಂಡು ಬ್ಯಾಂಕಿಗೆ ಹೋದೆ. ಅಲ್ಲಿನ ವ್ಯವಸ್ಥಾಪಕಿ ಅದನ್ನು ಮೊದಲಿಂದ ಕೊನೆಯವರೆಗೆ ಓದಿ, "ಈಗ ಅವರಿಗೆ ಪ್ರಜ್ಞೆ ಇದೆಯೇ?" ಎಂದು ಕೇಳಿದರು. ಇಲ್ಲ ಎಂದು ನಿಜವನ್ನೇ ಹೇಳಿದೆ. ಅವರು ಕಾಗದವನ್ನು ಮಡಚಿ, ನನ್ನ ಕಡೆಗೆ ಮೆಲ್ಲಗೆ ಸರಿಸಿ, "ಹಾಗಾದರೆ ಇದು ನಡೆಯುವುದಿಲ್ಲಮ್ಮ" ಎಂದರು. ಆ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ಹೇಳಿದ್ದು ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು ಎಂಬುದು ತಿಳಿದದ್ದು ಆಮೇಲೆ, ವಕೀಲರ ಮುಂದೆ ಕುಳಿತಾಗ.

1872ರ ಭಾರತೀಯ ಕರಾರು ಅಧಿನಿಯಮದ 201ನೆಯ ಕಲಮು, ಅಧಿಕಾರ ಕೊಟ್ಟವನಾಗಲಿ ಪಡೆದವನಾಗಲಿ ಸತ್ತರೆ ಅಥವಾ ಅಸ್ವಸ್ಥಚಿತ್ತನಾದರೆ ಅವರಿಬ್ಬರ ನಡುವಿನ ಏಜೆನ್ಸಿ, ಅಂದರೆ ಒಬ್ಬರ ಪರವಾಗಿ ಇನ್ನೊಬ್ಬರು ವ್ಯವಹರಿಸುವ ಸಂಬಂಧ, ಅಲ್ಲಿಗೆ ಮುಗಿಯುತ್ತದೆ ಎನ್ನುತ್ತದೆ. ಪವರ್ ಆಫ್ ಅಟಾರ್ನಿ ಎಂದು ನಾವು ಕರೆಯುವ ದಸ್ತಾವೇಜು ನಿಂತಿರುವುದು ಈ ಏಜೆನ್ಸಿಯ ಮೇಲೆಯೇ. ಅಂದರೆ, ದೂರದ ಊರಿನಲ್ಲಿರುವ ಆರೋಗ್ಯವಂತನೊಬ್ಬ ತನ್ನ ಸೈಟಿನ ಕೆಲಸಕ್ಕೆಂದು ಬರೆದುಕೊಟ್ಟ ಜಿಪಿಎ ನಡೆಯುತ್ತದೆ; "ನನಗೆ ಕೈಲಾಗದಿದ್ದಾಗ" ಎಂದೇ ಬರೆದುಕೊಟ್ಟದ್ದು, ಕೈಲಾಗದ ಆ ಗಳಿಗೆಗೇ ಬಿದ್ದುಹೋಗುತ್ತದೆ. ಅಧಿಕಾರ ಪಡೆದವರ ಸ್ವಂತ ಹಿತಾಸಕ್ತಿಯೂ ಆ ಆಸ್ತಿಯಲ್ಲಿ ಸೇರಿದ್ದರೆ 202ನೆಯ ಕಲಮು ರಕ್ಷಣೆ ಕೊಡುತ್ತದೆ. ಸಾಲ ಕೊಟ್ಟವನಿಗೆ, ಖರೀದಿದಾರನಿಗೆ ಅದು ಉಪಯೋಗಕ್ಕೆ ಬರಬಹುದು. ಯಾವ ಹಿತಾಸಕ್ತಿಯೂ ಇಲ್ಲದೆ ಅಪ್ಪನ ಆರೈಕೆಗೆಂದೇ ನಿಂತವಳಿಗೆ ಅದರಿಂದ ಪ್ರಯೋಜನವಿಲ್ಲ. 150 ವರ್ಷಗಳಿಗೂ ಹಿಂದೆ ಈ ಕಲಮನ್ನು ಬರೆದವರನ್ನು ನಾನು ದೂರುವುದಿಲ್ಲ. ಪ್ರಜ್ಞೆಯಿಲ್ಲದ ಮನುಷ್ಯನನ್ನು ತಿಂಗಳುಗಟ್ಟಲೆ ಬದುಕಿಸಿಡುವ ಯಂತ್ರಗಳು ಅವರ ಕಾಲದಲ್ಲಿ ಇರಲಿಲ್ಲ.

ಬ್ಯಾಂಕಿನವರು ಕೈಚೆಲ್ಲಿ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಸಹಿ ಮಾಡಲಾಗದ ಖಾತೆದಾರರ ಹೆಬ್ಬೆಟ್ಟಿನ ಗುರುತನ್ನು ಇಬ್ಬರು ಸಾಕ್ಷಿಗಳ ಮುಂದೆ ಪಡೆದು ಹಣ ಕೊಡಬಹುದು, ಸಾಕ್ಷಿಗಳಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಅದರಂತೆ ಒಬ್ಬ ಅಧಿಕಾರಿ ಶಾಯಿಯ ಪ್ಯಾಡ್ ಹಿಡಿದು ಆಸ್ಪತ್ರೆಗೆ ಬಂದರು. ಅಪ್ಪನ ಬಲಗೈ ಮುಷ್ಟಿ ಕಟ್ಟಿಕೊಂಡಿತ್ತು. ನರ್ಸ್ ಒಂದೊಂದಾಗಿ ಬೆರಳು ಬಿಡಿಸಿದರು. ಅಧಿಕಾರಿ ಹಾಸಿಗೆಯ ಮೇಲೆ ಬಾಗಿ, ಅಪ್ಪನ ಹೆಸರು ಹಿಡಿದು ಮೂರು ಸಲ ಕರೆದರು. ಕಣ್ಣು ತೆರೆಯಲಿಲ್ಲ. ಅವರು ಪ್ಯಾಡಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡು, "ಯಾವುದಕ್ಕೆ ಗುರುತು ಹಾಕುತ್ತಿದ್ದೇನೆಂದು ಅವರಿಗೆ ಗೊತ್ತಾಗದಿದ್ದರೆ ನಾನು ಹೆಬ್ಬೆಟ್ಟು ತೆಗೆದುಕೊಳ್ಳಲಾರೆ" ಎಂದರು. ಆತ ಮಾಡಿದ್ದು ಸರಿ. ಪ್ರಜ್ಞೆಯಿಲ್ಲದವರ ಬೆರಳನ್ನು ಹಿಡಿದು ಒತ್ತಿಸಿಕೊಂಡ ಗುರುತುಗಳಿಂದ ಎಷ್ಟು ಮನೆಗಳು ಒಡೆದಿವೆ ಎಂಬುದು ನಮಗೆಲ್ಲ ಗೊತ್ತಿದೆ. ಆ ಸೂಚನೆ ಇರುವುದು ಕೈ ಸೋತವರಿಗಾಗಿ, ಬುದ್ಧಿ ಸ್ಥಿಮಿತದಲ್ಲಿರುವವರಿಗಾಗಿ.

ಹೀಗೆ, ಸತ್ತ ಮೇಲಿನ ದಿನಕ್ಕೆ ಅಪ್ಪ ಮಾಡಿಟ್ಟ ಏರ್ಪಾಡುಗಳೆಲ್ಲ ಗಟ್ಟಿಯಾಗಿದ್ದವು. ಬದುಕಿದ್ದೂ ಮಾತನಾಡಲಾಗದ ದಿನಕ್ಕೆ ಮಾಡಿಟ್ಟದ್ದೊಂದೇ ಕುಸಿಯಿತು. ಉಯಿಲು ಜಾರಿಗೆ ಬರಲು ಮರಣವಾಗಬೇಕು. ನಾಮಿನಿಯ ಹಕ್ಕು ಎದ್ದೇಳುವುದೂ ಮರಣದ ನಂತರವೇ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದಾಗಿದೆ. ನಾಲ್ವರಿದ್ದರೂ ಖಾತೆದಾರ ಉಸಿರಾಡುತ್ತಿರುವಾಗ ಅವರಲ್ಲಿ ಯಾರೊಬ್ಬರೂ ಒಂದು ರೂಪಾಯಿಯನ್ನೂ ಮುಟ್ಟಲಾರರು. ಜಂಟಿ ಖಾತೆಯಿದ್ದರೆ ಸ್ವಲ್ಪ ಮಟ್ಟಿಗೆ ನಿಭಾಯಿಸಬಹುದು, ಆದರೆ ಪಿಂಚಣಿ, ಷೇರು, ವಿಮೆ, ಬಾಡಿಗೆಯ ಕರಾರು, ತೆರಿಗೆಯ ಲೆಕ್ಕ ಇವೆಲ್ಲ ಜಂಟಿ ಖಾತೆಯೊಳಗೆ ಬರುವುದಿಲ್ಲ.

ಪೋಷಕರನ್ನು ನೇಮಿಸಿಕೊಳ್ಳಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ನಾವೂ ಹಾಗೆಯೇ ತಿಳಿದಿದ್ದೆವು. 1890ರ ಪೋಷಕರು ಮತ್ತು ಪಾಲಿತರ ಕಾಯಿದೆ ಅಪ್ರಾಪ್ತ ವಯಸ್ಕರಿಗೆ ಮಾತ್ರ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ. ಕೋಮಾದಲ್ಲಿರುವ ವೃದ್ಧರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 14ನೆಯ ಕಲಮು ಸೀಮಿತ ಪೋಷಕತ್ವದ ಮಾತನಾಡುತ್ತದೆ, ಆದರೆ ಅದು ಅಂಗವಿಕಲ ವ್ಯಕ್ತಿಯೊಡನೆ ಸಮಾಲೋಚಿಸಿ ಜೊತೆಯಾಗಿ ತೀರ್ಮಾನಿಸುವ ವ್ಯವಸ್ಥೆ; ಸಮಾಲೋಚಿಸಲು ಪ್ರಜ್ಞೆಯೇ ಇಲ್ಲದವರಿಗೆ ಅದನ್ನು ಹೊಂದಿಸುವುದು ಕಷ್ಟ. 1987ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಮಾನಸಿಕ ಅಸ್ವಸ್ಥರ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸುವ ಅಧಿಕಾರ ಜಿಲ್ಲಾ ನ್ಯಾಯಾಲಯಕ್ಕಿತ್ತು. ಅದರ ಜಾಗದಲ್ಲಿ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಅನೇಕ ವಿಷಯಗಳಲ್ಲಿ ಬಹಳ ಮುಂದಿದೆ: ತನಗೆ ಯಾವ ಬಗೆಯ ಮನೋಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಅದರ 5ನೆಯ ಕಲಮು ಕೊಟ್ಟಿದೆ, ನಾಮನಿರ್ದೇಶಿತ ಪ್ರತಿನಿಧಿಯನ್ನು ಹೆಸರಿಸುವ ಹಕ್ಕನ್ನು 14ನೆಯ ಕಲಮು ಕೊಟ್ಟಿದೆ. ಆದರೆ ಆಸ್ತಿಯ ವಿಷಯದಲ್ಲಿ ಅದು ಮೌನವಾಗಿದೆ. ಹಳೆಯ ಬಾಗಿಲು ಮುಚ್ಚಿತು, ಹೊಸದನ್ನು ಯಾರೂ ತೆರೆಯಲಿಲ್ಲ.

ಹಾಗಾಗಿ ಉಳಿಯುವುದು ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿಯೊಂದೇ. ಸಂವಿಧಾನದ 226ನೆಯ ವಿಧಿಯಡಿ, ತಂದೆ ತಾಯಿಯ ಸ್ಥಾನದಲ್ಲಿ ನಿಂತು ಅಸಹಾಯಕನನ್ನು ಕಾಯುವ ಅಧಿಕಾರವನ್ನು ಬಳಸಿ, ಕೋಮಾದಲ್ಲಿರುವವರಿಗೆ ನ್ಯಾಯಾಲಯಗಳು ಪೋಷಕರನ್ನು ನೇಮಿಸುತ್ತಿವೆ. ಇದಕ್ಕೊಂದು ಶಾಸನವೇ ಇಲ್ಲವೆಂಬುದನ್ನು ಗುರುತಿಸಿ ಕೇರಳ ಹೈಕೋರ್ಟ್ 2019ರಲ್ಲಿ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ವಿವರವಾದ ಮಾರ್ಗಸೂಚಿಯನ್ನೇ ರೂಪಿಸಿತು. ನಾವೂ ನ್ಯಾಯಾಲಯದ ಮೆಟ್ಟಿಲು ಹತ್ತಿದೆವು. ವೈದ್ಯಕೀಯ ವರದಿ, ಸಂಬಂಧಿಕರೆಲ್ಲರ ಒಪ್ಪಿಗೆ, ಆಸ್ತಿಯ ಪಟ್ಟಿ, ಅಧಿಕಾರಿಗಳ ಸ್ಥಳ ಪರಿಶೀಲನೆ ಎಲ್ಲವೂ ಮುಗಿದು ಆದೇಶ ಕೈಗೆ ಬರುವ ಹೊತ್ತಿಗೆ ಒಂಬತ್ತು ತಿಂಗಳಾಗಿತ್ತು. ಆ ಒಂಬತ್ತು ತಿಂಗಳು ಅಪ್ಪನ ಹಣ ಅಪ್ಪನ ಖಾತೆಯಲ್ಲಿ ಬಡ್ಡಿ ಕೂಡಿಸಿಕೊಳ್ಳುತ್ತ ಸುಮ್ಮನೆ ಕುಳಿತಿತ್ತು, ಅಪ್ಪನ ಔಷಧಿಗೆ ಅಮ್ಮನ ಬಳೆಗಳು ಅಡವು ಹೋದವು. ವಕೀಲರನ್ನು ಹುಡುಕಿ, ಒಂಬತ್ತು ತಿಂಗಳು ಕಾಯುವ ತ್ರಾಣವಾದರೂ ನಮಗಿತ್ತು. ಅದೂ ಇಲ್ಲದ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು ಆಸ್ಪತ್ರೆಯ ಮೊಗಸಾಲೆಯಲ್ಲಿ ಕಳೆದ ರಾತ್ರಿಗಳಲ್ಲಿ ನಾನು ಕಂಡಿದ್ದೇನೆ: ಎಟಿಎಂ ಕಾರ್ಡಿನ ಗುಪ್ತ ಸಂಖ್ಯೆ ಗೊತ್ತಿರುವ ಮಗನೇ ಅಲ್ಲಿ ಯಜಮಾನನಾಗುತ್ತಾನೆ. ಕಾನೂನು ನೇರ ದಾರಿಯನ್ನು ಕೊಡದಿದ್ದಾಗ ಜನ ಕಳ್ಳದಾರಿ ಹಿಡಿಯುತ್ತಾರೆ, ಅವರಲ್ಲಿ ಹೆಚ್ಚಿನವರು ಕಳ್ಳರಲ್ಲ.

ಇನ್ನು ವೈದ್ಯಕೀಯ ನಿರ್ಧಾರಗಳ ವಿಷಯ. ಇಲ್ಲಿ ನಮ್ಮ ರಾಜ್ಯ ಮಾಡಿರುವ ಕೆಲಸಕ್ಕೆ ಮೊದಲು ಕೃತಜ್ಞತೆ ಹೇಳಬೇಕು. ಹಲ್ಲೆಗೊಳಗಾಗಿ ಮೆದುಳಿಗೆ ಪೆಟ್ಟಾದ ದಾದಿ ಅರುಣಾ ಶಾನಭಾಗ್ ಅವರು 1973ರಿಂದ 2015ರವರೆಗೆ, 42 ವರ್ಷ, ಮುಂಬೈಯ ಆಸ್ಪತ್ರೆಯ ಹಾಸಿಗೆಯಲ್ಲಿ ಕಳೆದ ಬದುಕು ಈ ದೇಶದ ನ್ಯಾಯಾಲಯಗಳನ್ನು ಕಲಕಿತು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ ಪ್ರಕರಣದಲ್ಲಿ, ಘನತೆಯಿಂದ ಸಾಯುವುದು 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಅಂದರೆ ಮಾತನಾಡಲಾಗದ ದಿನ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರಕ್ಕೆ, ಮಾನ್ಯತೆ ಕೊಟ್ಟಿತು. ಆಗ ವಿಧಿಸಿದ ಕ್ರಮ ಎಷ್ಟು ಕಠಿಣವಾಗಿತ್ತೆಂದರೆ, ಪತ್ರಕ್ಕೆ ಮ್ಯಾಜಿಸ್ಟ್ರೇಟರ ರುಜು ಬೇಕಿತ್ತು, ಜಾರಿಗೊಳಿಸುವ ಮುನ್ನ ಅವರೇ ರೋಗಿಯ ಬಳಿಗೆ ಬರಬೇಕಿತ್ತು. 2023ರ ಜನವರಿ 24ರ ಆದೇಶ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರೂ ಸೇರಿದ ಪ್ರಾಥಮಿಕ ಮಂಡಳಿ, ಅದರ ಮೇಲೆ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರಿರುವ ದ್ವಿತೀಯ ಮಂಡಳಿ, ಇವೆರಡೂ ಸಾಧ್ಯವಾದಷ್ಟು 48 ಗಂಟೆಗಳೊಳಗೆ ತಮ್ಮ ಅಭಿಪ್ರಾಯ ಹೇಳಬೇಕು. ಈ ತೀರ್ಪನ್ನು ರಾಜ್ಯದಲ್ಲಿ ಜಾರಿಗೆ ತರಲು ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿದ್ದು ಧೈರ್ಯದ ಕೆಲಸ. ಅನೇಕ ರಾಜ್ಯಗಳು ಈ ವಿಷಯವನ್ನು ಮುಟ್ಟಲು ಹಿಂಜರಿಯುತ್ತಿದ್ದಾಗ ನೀವು ಮುಟ್ಟಿದಿರಿ.

ಆದರೆ ಆದೇಶ ಹೊರಬಿದ್ದ ದಿನದಿಂದ ಅದಕ್ಕೆ ಅಂಟಿಕೊಂಡ ಹೆಸರು 'ದಯಾಮರಣ'. ಈ ಮಾತಿನಿಂದ ಆಗಿರುವ ಹಾನಿ ಸಣ್ಣದಲ್ಲ. ನನ್ನ ನಿರ್ದೇಶನಕ್ಕೆ ಸಾಕ್ಷಿ ಹಾಕಲು ಕೇಳಿಕೊಂಡಾಗ ಹತ್ತಿರದ ಬಂಧುವೊಬ್ಬರು, "ನಿನ್ನನ್ನು ಕೊಲ್ಲುವ ಕಾಗದಕ್ಕೆ ನಾನು ರುಜು ಹಾಕುವುದೇ?" ಎಂದು ಕಣ್ಣೀರು ತಂದುಕೊಂಡರು. ಯಾರನ್ನೂ ಕೊಲ್ಲುವ ಮಾತು ಆ ಕಾಗದದಲ್ಲಿ ಇಲ್ಲ. ಚೇತರಿಕೆಯ ಆಸೆಯೇ ಇಲ್ಲವೆಂದು ಎರಡು ಮಂಡಳಿಗಳು ಹೇಳಿದ ಮೇಲೆ, ಸಾವನ್ನು ಮುಂದೂಡುವುದನ್ನಷ್ಟೇ ಮಾಡುವ ಯಂತ್ರವನ್ನು ಹಚ್ಚಬೇಡಿ, ಹಚ್ಚಿದ್ದರೆ ತೆಗೆಯಿರಿ, ನೋವಿಗೆ ಔಷಧಿ ಕೊಡುತ್ತ ಇರಿ ಎಂಬುದಷ್ಟೇ ಅದರ ಸಾರ. ಬೇಕಾದರೆ ಕೊನೆಯವರೆಗೂ ಎಲ್ಲ ಚಿಕಿತ್ಸೆಯನ್ನೂ ಮಾಡಿ ಎಂದೂ ಒಬ್ಬರು ತಮ್ಮ ಇಚ್ಛೆಯನ್ನು ಬರೆದಿಡಬಹುದು. ಅದೂ ಮನೆಯವರಿಗೂ ವೈದ್ಯರಿಗೂ ದಾರಿ ತೋರಿಸುತ್ತದೆ. ನನ್ನ ತಂದೆ ಏನನ್ನೂ ಬರೆದಿರಲಿಲ್ಲ. "ಅವರು ಮೊದಲು ಯಾವತ್ತಾದರೂ ಈ ಬಗ್ಗೆ ಏನಾದರೂ ಹೇಳಿದ್ದರೇ?" ಎಂದು ವೈದ್ಯರು ಕೇಳಿದಾಗ ನಾವು ಮೂವರು ಮಕ್ಕಳು ಮೂರು ಉತ್ತರ ಕೊಟ್ಟೆವು, ಆ ಮೂರು ಉತ್ತರಗಳ ಗಾಯ ನಮ್ಮ ನಡುವೆ ಇನ್ನೂ ಪೂರ್ತಿ ಮಾಯ್ದಿಲ್ಲ. ಆರೋಗ್ಯ ಇಲಾಖೆ ತನ್ನ ಎಲ್ಲ ಪ್ರಕಟಣೆಗಳಲ್ಲಿ 'ದಯಾಮರಣ' ಎಂಬ ಪದವನ್ನು ಕೈಬಿಟ್ಟು, ಸರಳ ಕನ್ನಡದ ಒಂದು ನಮೂನೆಯನ್ನು ಸಿದ್ಧಪಡಿಸಿ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗುವಂತೆ ಮಾಡಬೇಕೆಂಬುದು ನನ್ನ ಮೊದಲ ಕೋರಿಕೆ.

ಎರಡನೆಯದು ಅಭಿರಕ್ಷಕರ ವಿಷಯ. ಸ್ಥಳೀಯ ಸಂಸ್ಥೆಯ, ಅಂದರೆ ಪಂಚಾಯಿತಿ, ಪುರಸಭೆ ಅಥವಾ ಪಾಲಿಕೆಯ, ಸಕ್ಷಮ ಅಧಿಕಾರಿಯೊಬ್ಬರು ನಿರ್ದೇಶನದ ಪ್ರತಿಯನ್ನು ಅಭಿರಕ್ಷಕರಾಗಿ ಇಟ್ಟುಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಪ್ರತಿಯನ್ನು ಹಿಡಿದು ಸ್ಥಳೀಯ ಕಚೇರಿಯೊಂದಕ್ಕೆ ಹೋದಾಗ, ಜನನ ಮರಣ ನೋಂದಣಿಯ ಮೇಜಿನಿಂದ ಆರೋಗ್ಯ ಶಾಖೆಗೆ, ಅಲ್ಲಿಂದ ಟಪಾಲು ಶಾಖೆಗೆ ಕಳುಹಿಸಿದರು. ಟಪಾಲಿನವರು ಮೊಹರು ಹಾಕಿ ತೆಗೆದುಕೊಳ್ಳಲು ಸಿದ್ಧರಿದ್ದರು. ಆಮೇಲೆ ಅದು ಎಲ್ಲಿ ಇರುತ್ತದೆ, ಮಧ್ಯರಾತ್ರಿ ಐಸಿಯು ವೈದ್ಯರು ಕೇಳಿದರೆ ಯಾರು ಹುಡುಕಿಕೊಡುತ್ತಾರೆ ಎಂದು ಕೇಳಿದಾಗ ಅವರ ಬಳಿ ಉತ್ತರವಿರಲಿಲ್ಲ. ನಾನು ಪ್ರತಿಯನ್ನು ವಾಪಸು ತಂದೆ. ಆಸ್ತಿಯ ದಸ್ತಾವೇಜುಗಳಿಗೆ ಕಾವೇರಿ ತಂತ್ರಾಂಶವಿರುವ ರಾಜ್ಯಕ್ಕೆ, ಅಧಿಕೃತ ವೈದ್ಯರು ಯಾವ ಹೊತ್ತಿನಲ್ಲೂ ನೋಡಬಹುದಾದ ಇನ್ನೊಂದು ದಾಖಲೆ ಪುಸ್ತಕವನ್ನು ಕಟ್ಟುವುದು ಭಾರವಾಗಲಾರದು.

ಮಾನ್ಯ ಕಾನೂನು ಸಚಿವರೇ, ಈ ಎರಡು ಸಮಸ್ಯೆಗಳು ಬೇರೆ ಬೇರೆ ಇಲಾಖೆಗಳಿಗೆ ಸೇರಿದಂತೆ ಕಂಡರೂ ಹಾಸಿಗೆಯಲ್ಲಿರುವ ಮನುಷ್ಯನಿಗೆ ಅವೆರಡೂ ಒಂದೇ. ವೆಂಟಿಲೇಟರ್ ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದು ಬರೆದಿಟ್ಟವರ ಮಾತನ್ನು ನಡೆಸಬೇಕಾದರೆ ಮನೆಯಲ್ಲಿ ಹಾಸಿಗೆ, ಆಮ್ಲಜನಕ, ನೋವಿನ ಔಷಧಿ, ರಾತ್ರಿಯ ದಾದಿ ಎಲ್ಲವೂ ಬೇಕು, ಅದಕ್ಕೆಲ್ಲ ಆತನದೇ ಹಣ ಬೇಕು. ಚಿಕಿತ್ಸೆಯ ಬಗ್ಗೆ ಅವನ ಪರವಾಗಿ ಮಾತನಾಡಲು ಒಬ್ಬಳಿಗೆ ಅಧಿಕಾರ ಕೊಟ್ಟು, ಆ ಚಿಕಿತ್ಸೆಯ ಬಿಲ್ಲಿಗೆ ಅವನ ಖಾತೆಯಿಂದ ಹಣ ತೆಗೆಯುವ ಅಧಿಕಾರವನ್ನು ಕಸಿದುಕೊಂಡರೆ ಮೊದಲನೆಯದು ಅರ್ಧ ಅಧಿಕಾರವಾಗಿಯೇ ಉಳಿಯುತ್ತದೆ. ಮರೆಗುಳಿತನದ ಕಾಯಿಲೆಯಲ್ಲಂತೂ ಈ ಹಣದ ಪ್ರಶ್ನೆ ಹತ್ತು ವರ್ಷಗಳವರೆಗೂ ಎಳೆಯಬಹುದು.

ಬೇರೆ ದೇಶಗಳು ಇದನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿವೆ. ನಮ್ಮ ಕರಾರು ಕಾಯಿದೆಗೆ ಬುಡವಾದ ಇಂಗ್ಲಿಷ್ ಕಾನೂನೇ 1985ರಲ್ಲಿ, ಬುದ್ಧಿ ಸ್ಥಿಮಿತ ತಪ್ಪಿದ ಮೇಲೂ ಉಳಿಯುವ ಅಧಿಕಾರ ಪತ್ರವನ್ನು ಒಪ್ಪಿಕೊಂಡಿತು. 2005ರ ಮಾನಸಿಕ ಸಾಮರ್ಥ್ಯ ಕಾಯಿದೆ ಅದನ್ನು ಆಸ್ತಿಗೂ ಆರೋಗ್ಯಕ್ಕೂ ವಿಸ್ತರಿಸಿತು. ಸಿಂಗಪುರ 2008ರಲ್ಲಿ ಅದೇ ದಾರಿ ಹಿಡಿಯಿತು. ನಾವು ಮಾತ್ರ ಅವರು ಬಿಟ್ಟುಹೋದ ಹಳೆಯ ಕಲಮನ್ನು ಹಿಡಿದುಕೊಂಡು ಕುಳಿತಿದ್ದೇವೆ.

ಇದು ಕೇಂದ್ರದ ಕಾಯಿದೆ, ರಾಜ್ಯವೇನು ಮಾಡಲು ಸಾಧ್ಯ ಎಂಬ ಉತ್ತರವನ್ನು ನಾನು ನಿರೀಕ್ಷಿಸುತ್ತೇನೆ, ಮತ್ತು ವಿನಯದಿಂದಲೇ ಅದನ್ನು ಒಪ್ಪದಿರುತ್ತೇನೆ. ಕರಾರು ಮತ್ತು ಏಜೆನ್ಸಿ, ಎರಡೂ ಕೇಂದ್ರ ಮತ್ತು ರಾಜ್ಯಗಳೆರಡೂ ಶಾಸನ ಮಾಡಬಹುದಾದ, ಸಂವಿಧಾನದ ಸಮವರ್ತಿ ಪಟ್ಟಿಯ 7ನೆಯ ನಮೂದಿನಲ್ಲಿವೆ. 254ನೆಯ ವಿಧಿಯ ಎರಡನೆಯ ಖಂಡದಂತೆ ರಾಷ್ಟ್ರಪತಿಯವರ ಅಂಕಿತ ಪಡೆದು ರಾಜ್ಯ ತನ್ನ ಮಟ್ಟಿಗೆ ತಿದ್ದುಪಡಿ ತರಬಹುದು. ಕರ್ನಾಟಕಕ್ಕೆ ಇದು ಹೊಸ ದಾರಿಯೂ ಅಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿಯನ್ನು ಹಿಂದೂ ಉತ್ತರಾಧಿಕಾರ ಕಾಯಿದೆಗೆ ಈ ರಾಜ್ಯ 1994ರಲ್ಲಿ ತಂದಿತು. ಸಂಸತ್ತು ಅದನ್ನು ಇಡೀ ದೇಶಕ್ಕೆ ಮಾಡಿದ್ದು 2005ರಲ್ಲಿ. ಹನ್ನೊಂದು ವರ್ಷ ಮುಂಚೆ ನಡೆದ ರಾಜ್ಯ ನಮ್ಮದು. 201ನೆಯ ಕಲಮಿಗೆ ಒಂದು ವಿನಾಯಿತಿಯನ್ನು ಸೇರಿಸುವುದು ಅದಕ್ಕಿಂತ ಸಣ್ಣ ಕೆಲಸ.

ವೃದ್ಧರ ಆಸ್ತಿಯನ್ನು ಮಕ್ಕಳು ನುಂಗಲು ಇದೇ ಹೊಸ ಆಯುಧವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಆ ಭಯಕ್ಕೆ ಕಾರಣವಿದೆ. ಆದ್ದರಿಂದಲೇ ಅಧಿಕಾರ ಪತ್ರವನ್ನು ಬರೆಸುವ ದಿನ, ಬರೆಸುತ್ತಿರುವವರು ಅದನ್ನು ಅರ್ಥ ಮಾಡಿಕೊಂಡಿದ್ದಾರೆ, ಅವರ ಮೇಲೆ ಒತ್ತಾಯವಿಲ್ಲ ಎಂದು ಫಲಾನುಭವಿಯಲ್ಲದ ವೈದ್ಯರೊಬ್ಬರು ಅಥವಾ ವಕೀಲರೊಬ್ಬರು ಅವರೊಡನೆ ಏಕಾಂತದಲ್ಲಿ ಮಾತನಾಡಿ ಪ್ರಮಾಣೀಕರಿಸಬೇಕು. ಸಾಮರ್ಥ್ಯ ಹೋಗಿದೆಯೆಂದು ಇಬ್ಬರು ವೈದ್ಯರು ಬರೆದುಕೊಡುವವರೆಗೆ ಅದು ಜಾರಿಗೆ ಬರಬಾರದು. ಆರೈಕೆಗೆ, ಮನೆಯ ನಿರ್ವಹಣೆಗೆ, ತೆರಿಗೆಗೆ ಖರ್ಚು ಮಾಡಬಹುದು. ದಾನ ಕೊಡುವಂತಿಲ್ಲ, ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಸ್ಥಿರಾಸ್ತಿಯನ್ನು ಮಾರುವಂತಿಲ್ಲ. ಅಧಿಕಾರ ಪಡೆದವರು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ಒಪ್ಪಿಸುವುದು ಯಾರಿಗೆ ಎಂಬ ಪ್ರಶ್ನೆಗೂ ಹೊಸ ಕಟ್ಟಡ ಕಟ್ಟಬೇಕಾಗಿಲ್ಲ: 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯಿದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಈಗಾಗಲೇ ಇದೆ, ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು 23ನೆಯ ಕಲಮಿನಡಿ ವೃದ್ಧರಿಗೆ ಮರಳಿಸುವ ವಿಷಯದಲ್ಲಿ ಅದಕ್ಕೆ ಅನುಭವವಿದೆ. ನಿಜ ಹೇಳಬೇಕೆಂದರೆ, ಇಷ್ಟು ಕಾವಲಿರುವ ಅಧಿಕಾರ ಪತ್ರಕ್ಕಿಂತ, ಯಾರ ಲೆಕ್ಕಕ್ಕೂ ಸಿಗದೆ ಇಂದು ಕೈಯಿಂದ ಕೈಗೆ ಓಡಾಡುತ್ತಿರುವ ಎಟಿಎಂ ಕಾರ್ಡೇ ಹೆಚ್ಚು ಅಪಾಯದ್ದು.

ನನ್ನ ಬಳಿಯೂ ಈಗ ಒಂದು ಫೈಲ್ ಇದೆ. ಅದರಲ್ಲಿ ನೋಟರಿಯವರು ದೃಢೀಕರಿಸಿದ ನನ್ನ ಮುಂಗಡ ವೈದ್ಯಕೀಯ ನಿರ್ದೇಶನದ ಮೂರು ಪ್ರತಿಗಳಿದ್ದವು. ಒಂದನ್ನು ನಾನು ಹೆಸರಿಸಿದ ಇಬ್ಬರಿಗೆ ತೋರಿಸಿ, ಅವರಲ್ಲಿ ಹಿರಿಯಳಾದ ಮಗಳ ಕೈಗೆ ಕೊಟ್ಟಿದ್ದೇನೆ. ಇನ್ನೊಂದು ನಮ್ಮ ಕುಟುಂಬ ವೈದ್ಯರ ಬಳಿ ಇದೆ. ಬ್ಯಾಂಕಿನ ಅಧಿಕಾರ ಪತ್ರವನ್ನು ನಾನು ಬರೆಸಿಲ್ಲ; 201ನೆಯ ಕಲಮು ಹೀಗೆಯೇ ಇರುವವರೆಗೆ ಮಗಳಿಗೆ ಅಂಥ ಕಾಗದವನ್ನು ಕೊಟ್ಟು ನಂಬಿಸಲು ನನಗೆ ಮನಸ್ಸಿಲ್ಲ. ಮೂರನೆಯ ಪ್ರತಿ ಫೈಲಿನಲ್ಲೇ ಉಳಿದಿದೆ. ಅದರ ಮೂಲೆಯಲ್ಲಿ ಪೆನ್ಸಿಲಿನಿಂದ "ಅಭಿರಕ್ಷಕರಿಗೆ" ಎಂದು ಬರೆದು, ಕೆಳಗೆ ಅಧಿಕಾರಿಯ ಹುದ್ದೆಗೂ ಕಚೇರಿಯ ವಿಳಾಸಕ್ಕೂ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಆ ಸಾಲಿನಲ್ಲಿ ಏನು ಬರೆಯಬೇಕೆಂದು ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಈ ರಾಜ್ಯದ ಒಬ್ಬ ಹಿರಿಯ ನಾಗರಿಕಳು